ಮೂಸದ ಅತ್ತರು

ಸಾವಿನ ಸುದ್ದಿ ಬಂದದ್ದು ಮೊಬೈಲಿಗೆ, ಒಂದು ಫೋಟೋದ ಕೆಳಗೆ ಎರಡು ಸಾಲಾಗಿ. ಫೋಟೋದಲ್ಲಿದ್ದ ಹೆಂಗಸನ್ನು ನಾನು ಗುರುತಿಸಲಿಲ್ಲ. ಬಾಯಿ ಮುಚ್ಚಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ತೋರಿಸಿದ ಕಡೆ ನೋಡುತ್ತ ಕೂತವರು. ನಾನು ಬಲ್ಲವರು ಯಾರು ತೋರಿಸಿದ ಕಡೆಗೂ ನೋಡುತ್ತಿರಲಿಲ್ಲ. ಬಾಯಿ ಮುಚ್ಚಿದ್ದೂ ಕಡಿಮೆ. ಕೆಳಗಿದ್ದ ಹೆಸರು ಓದಿದೆ, ಬಾಗಲಕೋಟೆ ಎಂದು ಇದ್ದದ್ದನ್ನು ಓದಿದೆ, ಇವರೇ ಇರಬೇಕು ಅಂದುಕೊಂಡೆ. ಆಮೇಲೆ ಇಡೀ ದಿನ ಆ ಫೋಟೋದ ಮೇಲೆ ಸಿಟ್ಟು ಬಂತು.

ನಾಸಿಕದ ಪಂಚವಟಿ ಕಡೆ ನಾವಿದ್ದ ಕಟ್ಟಡದಲ್ಲಿ ಅವರನ್ನು ಎಲ್ಲರೂ ವೈನಿ ಎನ್ನುತ್ತಿದ್ದರು. ಅಣ್ಣನ ಹೆಂಡತಿಯನ್ನು ಕರೆಯುವ ಆ ಮಾತು ಮರಾಠಿಯವರಿಗೂ ನಮ್ಮ ಉತ್ತರ ಕರ್ನಾಟಕದವರಿಗೂ ಒಂದೇ ಆದ್ದರಿಂದ ಯಾರಿಗೂ ತೊಡಕಿರಲಿಲ್ಲ. ಅವರ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿದ್ದರು. ನಾನು ಬ್ಯಾಂಕಿನವಳು, ಸಾತಪುರದ ಶಾಖೆಗೆ ವರ್ಗವಾಗಿ ಬಂದಿದ್ದೆ. ಜೊತೆಗೆ ಗಂಡ, ಮತ್ತು ಅಪ್ಪ ತೀರಿಕೊಂಡ ಮೇಲೆ ಧಾರವಾಡ ಬಿಟ್ಟು ನನ್ನಲ್ಲಿಗೆ ಬಂದಿದ್ದ ಅವ್ವ.

ನಾವು ಸಾಮಾನು ಇಳಿಸುತ್ತಿದ್ದಾಗ ಎದುರು ಬಾಗಿಲಿನಿಂದ ಬಂದವರು ನಮ್ಮ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ.

"ರೊಟ್ಟಿ ಬಡೀತೀರೋ, ಲಟ್ಟಸ್ತೀರೋ?" ಅಂದರು.

ಅವ್ವ ಮಂಚದ ಕಾಲೊಂದನ್ನು ಹಿಡಿದುಕೊಂಡು ನಿಂತಿದ್ದಳು. "ಬಡೀತೀನಿ" ಅಂದಳು.

"ಹಂಗಾದ್ರ ನಮ್ಮವರೇ ಬಿಡ್ರಿ. ಲಟ್ಟಸ್ತೀನಿ ಅಂದಿದ್ರ ಬರೇ ನಮಸ್ಕಾರ ಮಾಡಿ ಹೋಗ್ತಿದ್ದೆ."

ಇದು ಮೊದಲ ದಿನವೇ ನಡೆಯಿತೋ, ಆ ವಾರದಲ್ಲಿ ಯಾವಾಗಲೋ ನಡೆದದ್ದನ್ನು ನಾನು ಮೊದಲ ದಿನಕ್ಕೆ ತಂದು ಕೂರಿಸಿದ್ದೇನೋ ಹೇಳಲಾರೆ. ಮನುಷ್ಯರು ನಮಗೆ ಮೊದಲ ಸಲ ಸಿಕ್ಕ ಗಳಿಗೆ ಸಾಮಾನ್ಯವಾಗಿ ಪೇಲವವಾಗಿರುತ್ತದೆ. ಅದನ್ನು ಚೆಂದ ಮಾಡುವವರು ನಾವೇ, ಆಮೇಲೆ.

ವಾಸನೆಯ ನೆನಪು ಉಳಿದೆಲ್ಲ ನೆನಪಿಗಿಂತ ಗಟ್ಟಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ವೈನಿಯ ಬಗ್ಗೆ ಬರೆಯುವುದೆಂದರೆ ಅತ್ತರಿನ ಬಗ್ಗೆ ಬರೆಯುವುದು, ಮತ್ತು ಆ ಅತ್ತರಿನ ವಾಸನೆ ನನಗೆ ಒಂದಿಷ್ಟೂ ನೆನಪಿಲ್ಲ. ಅದರ ಸುತ್ತ ಆಡಿದ ಮಾತು ನೆನಪಿದೆ. ಮಲ್ಲಿಗೆ ಎಂದು ಹೇಳುತ್ತಿದ್ದರು, ಆದ್ದರಿಂದ ಮಲ್ಲಿಗೆ ಎಂದು ಬರೆಯುತ್ತೇನೆ.

ಅವರು ಎಲ್ಲವನ್ನೂ ಮೂಸುತ್ತಿದ್ದರು. ಹಾಲಿನವನ ಕ್ಯಾನಿನ ಮೇಲೆ ಬಗ್ಗಿ, "ನಿನ್ನಿದು ಇವತ್ತಿನದರಾಗ ಕೂಡಿಸಿಯಲ್ಲೋ ಭಾವೂ" ಅನ್ನುವರು. ಅವನು ಮರಾಠಿಯಲ್ಲಿ ದೇವರಾಣೆ ಇಡುವನು. ಇವರು ಕನ್ನಡದಲ್ಲೇ ಬೈಯುವರು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ಗಂಡ ಕಾರ್ಖಾನೆಯ ಬಸ್ಸಿಳಿದು ಬಂದರೆ ಮೆಟ್ಟಿಲ ತಿರುವಿನಲ್ಲೇ ಥಿನ್ನರಿನ ಘಾಟು ಹಿಡಿದು, "ಬಂತು ನೋಡ್ರಿ ವಿಮಾನ" ಎಂದು ನಮ್ಮ ಮನೆಯಿಂದ ಏಳುವರು. ನಾನು ಬ್ಯಾಂಕಿನಿಂದ ಬಂದಾಗಲೂ ಬಿಡುತ್ತಿರಲಿಲ್ಲ. "ಕೈ ತೊಕ್ಕೊಂಡು ಬಾ ತಂಗಿ. ಎಷ್ಟು ಮಂದಿ ಬೆವರು ಎಣಿಸಿ ಬಂದಿ ಇವತ್ತ!"

ಮೂಸದೇ ಬಿಡುತ್ತಿದ್ದದ್ದು ದೇವರಿಗೆ ಹೋಗುವುದನ್ನು ಮಾತ್ರ. ಮೂಸಿದ ಹೂವು ದೇವರಿಗಿಲ್ಲ ಎಂಬ ಮಾತು ನಮ್ಮೆಲ್ಲರ ಮನೆಗಳಲ್ಲೂ ಇದೆ, ಅದರಲ್ಲಿ ಹೊಸದೇನೂ ಇಲ್ಲ. ವೈನಿ ಅದನ್ನು ಬಿಗಿಯಾಗಿ ಹಿಡಿದಿದ್ದರು. ಪಂಚವಟಿಯ ಹೂವಿನಾಕೆ ಒಮ್ಮೆ ಮಾಲೆ ಕಟ್ಟಿ ಕೊಡುವ ಮುನ್ನ ತಾನೇ ಆಸೆಯಿಂದ ಮೂಗಿಗೆ ಹಿಡಿದಳು. ವೈನಿ ದುಡ್ಡು ಕೊಟ್ಟು, ಮಾಲೆಯನ್ನು ಅವಳ ತುರುಬಿಗೇ ಸುತ್ತಿ ಬಂದರು. ನಾನು ನಕ್ಕಿದ್ದಕ್ಕೆ, "ಆಕಿಗೂ ಒಂದ್ಸಲ ಸಿಗಲಿ. ಕಟ್ಟೂದ ಆಗೇತಿ ಆಕಿ ಜನ್ಮ" ಅಂದರು.

ಅತ್ತರಿಗೂ ಇದೇ ನಿಯಮ. ಸಂಕ್ರಾಂತಿ ಮುಗಿದ ಮೇಲೆ, ರಥಸಪ್ತಮಿಯ ಒಳಗೆ, ಅವರ ಮನೆಯಲ್ಲಿ ಅರಿಶಿಣ ಕುಂಕುಮ. ಆ ಕಡೆ ಅದು ದೊಡ್ಡ ಸಂಗತಿ. ಹೆಂಗಸರನ್ನು ಕರೆದು ಅರಿಶಿಣ ಕುಂಕುಮ ಹಚ್ಚಿ, ಕೈಯ ಹಿಂಬದಿಗೆ ಅತ್ತರು ಸವರಿ, ಪನ್ನೀರು ಚಿಮುಕಿಸಿ, ಕುಸುರೆಳ್ಳು ಕೊಟ್ಟು ಕಳಿಸುವುದು. ವೈನಿ ಪ್ರತಿ ವರ್ಷ ಹೊಸ ಸೀಸೆ ತರುವರು. ಸೀಸೆಯ ಮೊದಲ ಹನಿ ಗೌರಿಯ ಪಾದಕ್ಕೆ, ಅದಕ್ಕೂ ಮುಂಚೆ ಅದನ್ನು ಯಾರೂ ಮೂಸುವಂತಿಲ್ಲ.

ಸೀಸೆ ಬರುತ್ತಿದ್ದದ್ದು ಔರಂಗಾಬಾದಿನಿಂದ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ವೈನಿ ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲವಾದ್ದರಿಂದ ಅವರ ಮಾತಿನಲ್ಲಿ ಹಳೆಯದನ್ನೇ ಉಳಿಸುತ್ತೇನೆ. ಅಲ್ಲಿ ಅವರ ನಾದಿನಿಯ ಮನೆ, ಶಹಾಗಂಜಿನಲ್ಲಿ ಒಬ್ಬ ಮುದುಕನ ಅತ್ತರಿನ ಅಂಗಡಿ. ಮುದುಕನನ್ನು ಚಾಚಾ ಅನ್ನುತ್ತಿದ್ದರು. ಅಂಗಡಿಯಲ್ಲಿ ತಾವು ಹೇಗೆ ಕೊಳ್ಳುತ್ತಿದ್ದರೆಂಬುದನ್ನು ವೈನಿ ನಮ್ಮ ಅಡುಗೆಮನೆಯಲ್ಲಿ ಆಡಿ ತೋರಿಸುತ್ತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬೀದಿಯ ಕಡೆ ತಿರುಗಿ ನಿಲ್ಲುವುದು. ಚಾಚಾ ಬೂಚು ತೆಗೆದು ತಾನು ಮೂಸಿ ಹೇಳುವುದು: "ಬೆಳಗಿನ ಮೊಗ್ಗು, ಬೇಟಿ. ಇನ್ನೂ ಬಿರಿದಿಲ್ಲ." ಅಥವಾ, "ಇದು ಮಧ್ಯಾಹ್ನದ್ದು, ನಿನಗೆ ಬೇಡ." ಅವನು ಹೇಳಿದ್ದೇ ಸೈ.

"ಅಂವ ಮೂಸಿದ್ರ ನಡೀತದೇನ್ರಿ ದೇವರಿಗೆ?" ಎಂದು ಕೇಳಿದೆ.

"ಅಂವಂದು ದಂಧೆ ತಂಗಿ. ದಂಧೆದಾಗ ಮೂಸಿದ್ದು ಮೂಸಿದ್ದಲ್ಲ."

ನಾವು ಹೋದ ಮೊದಲ ವರ್ಷದ ಅರಿಶಿಣ ಕುಂಕುಮಕ್ಕೆ ಅವ್ವ ಬೆಳಿಗ್ಗೆಯಿಂದ ಅವರ ಮನೆಯಲ್ಲಿ ಕೆಲಸಕ್ಕೆ ನಿಂತಿದ್ದಳು. ಹೆಂಗಸರು ಬರತೊಡಗಿದ ಕೂಡಲೇ ಹೇಳದೆ ಕೇಳದೆ ಒಳಕೋಣೆಗೆ ಹೋಗಿ ಬತ್ತಿ ಹೊಸೆಯುತ್ತ ಕೂತಳು. ಯಾರೂ ಅವಳನ್ನು ಕಳಿಸಿರಲಿಲ್ಲ. ಗಂಡ ಸತ್ತವರು ಇಂಥ ಹೊತ್ತಿನಲ್ಲಿ ಎಲ್ಲಿರಬೇಕೆಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹೊರಗೆ ಚಾಪೆಯ ಮೇಲೆ ಕೂತಿದ್ದೆ.

ಕುಂಕುಮ ಹಚ್ಚಿ ಮುಗಿಸಿದ ವೈನಿ ಅತ್ತರಿನ ಕಡ್ಡಿ ಹಿಡಿದುಕೊಂಡು ನೇರ ಒಳಗೆ ಹೋದರು.

"ಏಳ್ರಿ ಅವ್ವಾರ. ದೊಡ್ಡವರಿಂದ ಸುರು ಮಾಡೂದು ನಮ್ಮ ಪದ್ಧತಿ."

"ಬ್ಯಾಡವಾ ಯವ್ವಾ, ನಂದೇನದ ಅಲ್ಲೆ."

"ಕುಂಕುಮಕ್ಕ ಗಂಡ ಬೇಕಂತ. ವಾಸನಿಗೆ ಮೂಗು ಸಾಕು. ಮೂಗು ಐತಿಲ್ಲೋ?"

ಹೊರಗೆ ಯಾರೋ ಕಿಸಕ್ಕೆಂದರು. ವೈನಿ ಅವ್ವನ ಮೊಣಕೈ ಹಿಡಿದು ತಂದು ಸಾಲಿನ ಮೊದಲಿಗೆ ಕೂರಿಸಿದರು. ನಾಸಿಕ್ ರೋಡಿನಿಂದ ಬರುತ್ತಿದ್ದ ಒಬ್ಬ ಹಿರಿಯರಿದ್ದರು, ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು, ಶಾಸ್ತ್ರದ ಮಾತು ಬಂದರೆ ಅವರದೇ ಕೊನೆಯ ಮಾತು. ಅವರು ಬೇರೆ ಕಡೆ ನೋಡಿದರು. ಅತ್ತರನ್ನು ಇಂಥವರಿಗೆ ಹಚ್ಚಬಾರದು ಎಂಬ ಮಾತು ಅವರಿಗೂ ಸಿಗಲಿಲ್ಲವೇನೋ.

ಅವತ್ತು ಅವ್ವ ರೊಟ್ಟಿ ಬಡಿಯಲಿಲ್ಲ. ಕೈ ತೊಳೆಯಲು ಮನಸ್ಸಿಲ್ಲ ಎಂದು ನನ್ನ ಗಂಡನ ಕೈಯಲ್ಲಿ ಅನ್ನ ಮಾಡಿಸಿದಳು. ಮುಂದಿನ ವರ್ಷಗಳಲ್ಲಿ ಸಂಕ್ರಾಂತಿ ಹತ್ತಿರ ಬಂದರೆ ಅವಳೇ ಕೇಳುವಳು, "ಎಂದಂತ? ಹೇಳಿದ್ಲೇನು?" ಸೀರೆಯನ್ನು ಹಿಂದಿನ ದಿನವೇ ತೆಗೆದು ಮಡಿಕೆ ಬಿಡಿಸಿ ತೂಗುಹಾಕುವಳು. ಅಪ್ಪ ಹೋದ ಮೇಲೆ ನನ್ನ ಅವ್ವನಿಗೆ ಜನರ ನಡುವೆ ಇದ್ದದ್ದು ಆ ಒಂದು ಜಾಗ, ಅವರ ಚಾಪೆಯ ಮೊದಲ ತುದಿ.

ಆಮೇಲೊಂದು ವರ್ಷ, ಸಂಕ್ರಾಂತಿಗೆ ಮುಂಚೆ, ನಾದಿನಿಯ ಫೋನು ಬಂತು. ಚಾಚಾನ ಅಂಗಡಿ ಮುಚ್ಚಿದೆ, ಅಲ್ಲೀಗ ಮೊಬೈಲಿನ ಕವರು ಮಾರುತ್ತಾರೆ. ಆಗಷ್ಟೇ ಎಲ್ಲರೂ ಫೋನಿನಲ್ಲಿ ಸಾಮಾನು ತರಿಸಲು ಶುರುಮಾಡಿದ್ದರು. ಕಟ್ಟಡದ ಕೆಳಗೆ ದಿನಾ ಯಾರದಾದರೂ ಪೊಟ್ಟಣ. ವೈನಿಗೆ ಅವರ ಮಗಳು ಫೋನಿನಲ್ಲಿ ಹೇಗೆ ಹುಡುಕುವುದೆಂದು ತೋರಿಸಿಕೊಟ್ಟಳು, ಉಳಿದದ್ದೆಲ್ಲ ತಾವೇ ಮಾಡಿದರು. ಮಾಡಿ, ನನಗೆ ತೋರಿಸಲು ಬಂದರು.

"ಇಲ್ನೋಡು, ಮಂದಿ ಬರದಾರ. ಒಬ್ಬಾಕಿ ಅಂತಾಳ, ಪ್ಯಾಕಿಂಗ್ ಭಾಳ ಛಲೋ ಐತಿ. ಇನ್ನೊಬ್ಬಾಂವ ಅಂತಾನ, ಹೇಳಿದ ದಿನಕ್ಕ ಬಂತು."

"ವಾಸನಿ ಹೆಂಗದ ಅಂತ ಯಾರರೆ ಬರದಾರೇನ್ರಿ ವೈನಿ?"

ಸ್ವಲ್ಪ ಹೊತ್ತು ಬೆರಳಾಡಿಸಿದರು. "ವಾಸನಿ ಬರಿಯಾಕ ಬರ್ತೈತೇನು!"

ಬಂದದ್ದು ಬಂಗಾರದ ಬಣ್ಣದ ಡಬ್ಬಿ, ಮೇಲೆ ಬಿಗಿಯಾದ ಪ್ಲಾಸ್ಟಿಕ್ಕು, ಬೂಚಿನ ಮೇಲೊಂದು ಸೀಲು. ಅವರು ಅದನ್ನು ದೇವರ ಗೂಡಿನಲ್ಲಿಟ್ಟರು. ಒಮ್ಮೆ ಬಿಚ್ಚಿ ನೋಡಿ ಎಂದು ಅವರ ಮಗಳೂ ಹೇಳಿದಳು, ನಾನೂ ಹೇಳಿದೆ. ನನಗೆ ಅವತ್ತಿನ ಅವರ ಮುಖದ ಸಮಾಧಾನ ನೆನಪಿದೆ. ಇದನ್ನು ಮಾತ್ರ ನಾನು ಕಟ್ಟಿಕೊಂಡದ್ದಲ್ಲ.

"ಸೀಲ್ ಒಡದಿಲ್ಲ ಅಂದ್ರ ಯಾರೂ ಮೂಸಿಲ್ಲ. ಚಾಚಾ ಆದ್ರೂ ಮೂಸಿ ಕೊಡ್ತಿದ್ದಾ. ಇದು ಅದಕ್ಕಿಂತ ಮಡಿ."

ಅಂಗಡಿಯಲ್ಲಿ ಅವರ ಬದಲಿಗೆ ಮೂಸುವವನೊಬ್ಬನಿದ್ದ. ಈಗ ಯಾರೂ ಇರಲಿಲ್ಲ. ಅದನ್ನೇ ಅವರು ಶುದ್ಧ ಎಂದು ತಿಳಿದರು.

ಅರಿಶಿಣ ಕುಂಕುಮದ ಸಂಜೆ ಸೀಲು ಒಡೆದರು. ಮನೆಯ ತುಂಬ ಊದುಬತ್ತಿ, ಕರ್ಪೂರ, ಒಳಗೆ ಕರಿದದ್ದರ ಹೊಗೆ. ಮೊದಲ ಹನಿ ಗೌರಿಗೆ, ಎರಡನೆಯದು ಅವ್ವನ ಬಲಗೈಯ ಹಿಂಬದಿಗೆ. ಅವ್ವ ಕೈಯನ್ನು ಮೂಗಿನ ಹತ್ತಿರ ಒಯ್ದಳು, ಇಳಿಸಿದಳು, ಸೆರಗಿನ ಒಳಗೆ ಇಟ್ಟುಕೊಂಡಳು. ಆಮೇಲೆ ಅವಳ ಪಕ್ಕದಲ್ಲಿದ್ದ ಹುಡುಗಿಗೆ, ಅವಳಾಚೆಯವರಿಗೆ. ಆ ಹುಡುಗಿ, ಕೆಳಗಿನ ಮನೆಯ ಮರಾಠಿ ಸೊಸೆ, ಕೈ ಕೊಡವಿ "ಆಈ ಗ! ಉರೀತಿದೆ" ಎಂದು ಎದ್ದು ನಲ್ಲಿಗೆ ಓಡಿದಳು. ಆಗ ಎಲ್ಲರಿಗೂ ವಾಸನೆ ಬಡಿಯಿತು. ಹಳೆಯ ಎಣ್ಣೆ ಕಮಟು ಹಿಡಿದಂತೆ, ಅದರೊಳಗೆ ಸ್ಪಿರಿಟ್ಟಿನ ಚುಚ್ಚು.

ವೈನಿ ಕಡ್ಡಿಯನ್ನು ಮೂಗಿಗೆ ಹಿಡಿದರು. ಕೂತುಬಿಟ್ಟರು.

ನಾನು ಅವ್ವನ ಕೈಯನ್ನು ಸೆರಗಿನಿಂದ ಎಳೆದು ನೋಡಿದಾಗ ಚರ್ಮ ಕೆಂಪಾಗಿ ಉಬ್ಬಿತ್ತು. ಎಲ್ಲರಿಗಿಂತ ಮೊದಲು ಹಚ್ಚಿಸಿಕೊಂಡವಳು ಅವಳು, ಎಲ್ಲರಿಗಿಂತ ಹೆಚ್ಚು ಹೊತ್ತು ತಡೆದುಕೊಂಡಿದ್ದಳು. ಬಾಯಿ ಬಿಟ್ಟರೆ ತನ್ನಿಂದ ಕಾರ್ಯ ಕೆಟ್ಟಿತು ಎಂದಾರು ಎಂಬ ಹೆದರಿಕೆ. ಬಾಯಿ ಬಿಡದಿದ್ದರೂ ಅಂದರು.

"ಶಾಸ್ತ್ರ ಬಿಟ್ಟು ಮಾಡಿದ್ರ ಹಿಂಗ ಆಗೂದು" ಎಂದರು ದೊಡ್ಡವ್ವ, ಏರಿಸದ ಧ್ವನಿಯಲ್ಲಿ, ಕುಸುರೆಳ್ಳಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಮೊದಲನೇ ಕೈ ಯಾವುದು ಅಂತ ನೋಡಬೇಕಿತ್ತು."

ಎಲ್ಲದಕ್ಕೂ ಉತ್ತರವಿದ್ದ ವೈನಿ ತಲೆ ಬಗ್ಗಿಸಿ ಸೀಸೆಯ ಬೂಚು ಬಿಗಿಯುತ್ತ ಕೂತದ್ದನ್ನು ಅವ್ವ ನೋಡಿದಳು.

ಮರುದಿನ ಅವರು ಕಂಪನಿಗೆ ಫೋನು ಹಚ್ಚಿದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳುತ್ತಿತ್ತು. ಆ ಕಡೆಯ ಹುಡುಗ ಸೀಲು ಒಡೆದದ್ದನ್ನು ವಾಪಸು ತಗೊಳ್ಳುವುದಿಲ್ಲ ಅನ್ನುತ್ತಿದ್ದ. ಇವರು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, "ಒಡೀದನ ವಾಸನಿ ಹೆಂಗ ಗೊತ್ತಾಗಬೇಕೋ ತಮ್ಮಾ? ನಿನಗ ಗೊತ್ತಾಗ್ತೈತೇನು ಅಲ್ಲಿ ಕುಂತು?" ಎಂದು ಕೇಳುತ್ತಿದ್ದರು. ಅವನು ಮತ್ತೆ ಮೊದಲಿನಿಂದ ಅದನ್ನೇ ಹೇಳಿದ. ಫೋನಿಟ್ಟು ಸೀಸೆಯನ್ನು ಬಿಸಿನೀರಿನಲ್ಲಿ ಅದ್ದಿದರು. ಮೇಲಿನ ಚೀಟಿ ಬಿಟ್ಟುಕೊಂಡಿತು. ಅಡಿಯಲ್ಲಿ ಇನ್ನೊಂದು ಚೀಟಿ, ಇನ್ನಾವುದೋ ಗಂಧದ ಹೆಸರು, ತಯಾರಾದ ವರ್ಷ. ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕನ್ನಡಕ ಹಾಕಿಕೊಂಡು ಓದಿದವಳು ನಾನು. ಆ ವರ್ಷ ಅಪ್ಪ ಇನ್ನೂ ಇದ್ದ.

ಅವ್ವ ಕೈಗೆ ಮುಲಾಮು ಸವರಿಕೊಳ್ಳುತ್ತಿದ್ದಳು. "ಹಂಗಾದರ ನಾ ಕುಂಕುಮ ಹಚ್ಚಿಕೋತಿದ್ದಾಗಿಂದು ಅದು" ಅಂದಳು. ಅಷ್ಟೇ.

ಆಮೇಲೆ ಅವಳು ಎದುರು ಮನೆಗೆ ಹೋಗುವುದನ್ನು ಬಿಟ್ಟಳು. ಜಗಳವಿಲ್ಲ. ವೈನಿ ಬಂದರೆ ಮಾತಾಡುವಳು, ಚಹಾ ಕೊಡುವಳು. ಅವರು ಕರೆದರೆ, ಮೊಣಕಾಲು ನೋವು. ಕೈಯ ಗಾಯ ಮಾಯಿತು, ಕಪ್ಪು ಕಲೆ ಉಳಿಯಿತು. ಬೇರೆಯವರ ಮನೆಯ ಸತ್ಯನಾರಾಯಣ ಪೂಜೆಗೂ ಹೋಗಲಿಲ್ಲ. "ಯಾರ ಮನಿಗೂ ನನ್ನಿಂದ ಕೆಟ್ಟದಾಗೂದು ಬ್ಯಾಡ" ಎಂದು ನನಗೆ ಹೇಳಿದಳು. ಅದು ದೊಡ್ಡವ್ವನ ಮಾತು ಎಂದರೆ, "ಅಕಿ ಅಂದದ್ದಲ್ಲ, ನನಗ ಅನಸೇದ" ಎಂದಳು. ಒಂದು ಲೆಕ್ಕದಲ್ಲಿ, ಅಪ್ಪ ಸತ್ತಾಗ ಹೋಗಿದ್ದ ಒಳಕೋಣೆಗೆ ಮತ್ತೆ ಹೋಗಿ ಕೂತಿದ್ದಳು, ಈ ಸಲ ತಾನಾಗಿಯೇ ಚಿಲಕ ಹಾಕಿಕೊಂಡು.

ವೈನಿ ಬಿಡುವ ಪೈಕಿ ಅಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಬಂದು, "ಅವ್ವಾರ, ಎಲ್ಲೋರಾದ ಹಂತ್ಯಾಕ ವೇರುಳಕ್ಕ, ಜ್ಯೋತಿರ್ಲಿಂಗದ ದರ್ಶನಕ್ಕ ಹೋಗೂಣ" ಎಂದರು. ದೇವರಿಗೆ ಅವ್ವ ಬೇಡ ಅನ್ನಲಾರಳು. ನಾಸಿಕ್ ರೋಡಿನಲ್ಲಿ ರೈಲು ಹತ್ತಿ ಮೂವರೂ ಹೋದೆವು. ದರ್ಶನ ಮುಗಿಸಿ ಔರಂಗಾಬಾದಿಗೆ ಬಂದ ಮೇಲೆ ವೈನಿ ನಮ್ಮನ್ನು ನಾದಿನಿಯ ಮನೆಯ ಬದಲು ಶಹಾಗಂಜಿಗೆ ಕರೆದೊಯ್ದರು. ಮೊಬೈಲ್ ಕವರಿನ ಅಂಗಡಿಯವನು ಹಿಂದಿನ ಗಲ್ಲಿ ತೋರಿಸಿದ.

ಚಾಚಾ ಜಗಲಿಯ ಮೇಲೆ ನವಾರಿನ ಮಂಚದಲ್ಲಿದ್ದ. ಗಡ್ಡಕ್ಕೆ ಮೆಹಂದಿ. ವೈನಿಯನ್ನು ಧ್ವನಿಯಿಂದ ಗುರುತಿಸಿದ. ಅವರು ಚೀಲದಿಂದ ಆ ಸೀಸೆ ತೆಗೆದು ಅವನ ಕೈಗಿಟ್ಟು, ಇದೇನು ಹೇಳು ಚಾಚಾ, ಎಂದರು. ಅವನು ಬೂಚು ತೆಗೆದು ಮೂಗಿನ ಹತ್ತಿರ ಹಿಡಿದ. ಬಹಳ ಹೊತ್ತು ಹಿಡಿದ. ಅಷ್ಟು ದೂರದಲ್ಲಿದ್ದ ನನಗೇ ಘಾಟು ಬರುತ್ತಿತ್ತು. ಅವನ ಮುಖದಲ್ಲಿ ಏನೂ ಆಗಲಿಲ್ಲ.

"ಮೂಗು ಹೋಗಿ ಬಹಳ ವರ್ಷವಾಯಿತು ಬೇಟಿ" ಎಂದು ಹಿಂದಿಯಲ್ಲಿ ಹೇಳಿದ. ಅಂಗಡಿ ಮುಚ್ಚುವುದಕ್ಕೂ ಎಷ್ಟೋ ಮುಂಚೆ. ಒಂದು ಜ್ವರದಲ್ಲಿ ಹೋಯಿತು. ಬೆಳಗಿನ ಮೊಗ್ಗು, ಮಧ್ಯಾಹ್ನದ ಹೂವು ಎಂದೆಲ್ಲ ಹಳೆಯ ನೆನಪಿನಿಂದ ಹೇಳುತ್ತಿದ್ದೆ, ಎಂದ. ತರಿಸಿಕೊಡುವವನು ತರಿಸಿಕೊಟ್ಟದ್ದನ್ನು ಮಾರುತ್ತಿದ್ದೆ. ನಿಜವಾದ ಮಲ್ಲಿಗೆಯ ಮಾಲು ನಿನ್ನ ಕೈಗೆಟುಕುವ ಹಾಗೆ ಎಲ್ಲಿ ಉಳಿದಿತ್ತು? "ವೈಸಾಚ್ ಥಾ, ಲೇಕಿನ್ ವೋ ನಹೀಂ ಥಾ." ಅದರಂಥದ್ದೇ, ಆದರೆ ಅದಲ್ಲ.

ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೆ. "ಏನಂದಾ?" ಎಂದಳು. ವೈನಿ ಏನಾದರೂ ಹೇಳಿ ಮುಗಿಸಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

"ಇಷ್ಟು ವರ್ಷ ನಾ ನಿಮಗ ಹಚ್ಚಿದ್ದೂ ಖರೇದ್ದಲ್ಲಂತ ಅವ್ವಾರ."

ಮುದುಕನ ಮೇಲೆ ಅವರು ಕೂಗಾಡಲಿಲ್ಲ. ಸೀಸೆಯನ್ನು ವಾಪಸು ತೆಗೆದುಕೊಂಡು ಅವನ ಪಾದ ಮುಟ್ಟಿದರು. ಅದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ಅರ್ಥ ಕಟ್ಟಲೂ ಹೋಗುವುದಿಲ್ಲ.

ಮನ್ಮಾಡಿನಲ್ಲಿ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೂವರೂ ಕೂತು ಖಾರದ ಚುರುಮುರಿ ಭಡಂಗ ತಿಂದೆವು. ವೈನಿ ಹಳಿಗಳ ಕಡೆ ನೋಡುತ್ತ ಹೇಳಿದರು:

"ಅಂವಗೇನಂತ ಬೈಯಲಿ? ನಾ ಮಾಡಿದ್ದೂ ಅದನ್ನ. ಎಲ್ಲಾರಿಗೂ ಕುಂಕುಮ ಹಚ್ಚಿದೆ, ನಿಮಗ ಬರೇ ಅತ್ತರ ಹಚ್ಚಿದೆ. ಕುಂಕುಮದಂಥಾದ್ದು. ಕುಂಕುಮ ಅಲ್ಲ. ಭಾಳ ದೊಡ್ಡ ಕೆಲಸ ಮಾಡೇನಿ ಅಂತ ತಿಳಕೊಂಡಿದ್ದೆ."

"ಹಂಗ ಅನಬ್ಯಾಡವಾ" ಎಂದಳು ಅವ್ವ. "ನನಗ ಅದೂ ಯಾರೂ ಕೊಟ್ಟಿದ್ದಿಲ್ಲ."

"ಅದಕ್ಕ ಅನ್ನಾಕತ್ತೇನಿ."

ಮುಂದಿನ ಸಂಕ್ರಾಂತಿ ಬಂತು. ಕರೆಯಲು ಬಂದ ವೈನಿ ನನ್ನ ಹಣೆಗೆ ಕುಂಕುಮವಿಟ್ಟು ಅವ್ವನ ಕಡೆ ತಿರುಗಿ, "ಈ ವರ್ಷ ಅತ್ತರಿಲ್ಲ. ಬರ್ರಿ" ಅಂದರು. ಆ ದಿನ ಸಂಜೆಯಾದರೂ ಅವ್ವ ಏಳಲಿಲ್ಲ. ನಾನೊಬ್ಬಳೇ ಹೊರಡಲು ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ದೊಡ್ಡವ್ವ ಉಬ್ಬಸ ಬಿಡುತ್ತ ಹತ್ತುತ್ತಿದ್ದರು. ಜೊತೆಯಲ್ಲಿದ್ದವರಿಗೆ ಹೇಳುತ್ತಿದ್ದರು, "ಅತ್ತರ ತಗದಾಳಂತ. ಇನ್ನ ಆ ಹೆಣಮಗಳೂ ಬರೂದಿಲ್ಲ. ಬುದ್ಧಿ ಬಂತಲ್ಲ, ಸಾಕು."

ಹಿಂದೆ ಚಾಪೆಯ ಮೇಲೆ ಒರಗಿದ್ದ ಅವ್ವ ಎದ್ದು ಕೂತಳು. ಬೀರು ತೆಗೆದ ಸದ್ದು. ಸೀರೆ ಮಡಿಕೆಯ ಗೆರೆ ಹೊತ್ತೇ ಇತ್ತು, ಹಾಗೇ ಉಟ್ಟಳು. "ನನ್ನ ಹೆಸರಿಲೆ ಅಕಿಗೆ ಬುದ್ಧಿ ಬಂದದ್ದು ಬ್ಯಾಡ" ಎಂದು ನನ್ನನ್ನು ದಾಟಿ ಹೋದಳು.

ಮುಂದಿನದನ್ನು ಜೋಪಾನವಾಗಿ ಹೇಳಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ಕುಸುರೆಳ್ಳಿನ ತಟ್ಟೆ ಹಿಡಿದು ನಿಂತಿದ್ದೆ, ನನಗೆ ಕಂಡದ್ದು ಹೆಚ್ಚಾಗಿ ಬೆನ್ನುಗಳು. ವೈನಿ ಕುಂಕುಮದ ಭರಣಿ ಹಿಡಿದು ನೇರ ಸಾಲಿನ ಮೊದಲಿಗೆ ಬಂದರು. ಬೆರಳನ್ನು ಅದ್ದಿ ಅವ್ವನ ಹಣೆಯ ಕಡೆ ಚಾಚಿದರು. ಅವ್ವ ತಲೆ ಹಿಂದೆಳೆದುಕೊಂಡಳು. "ಬ್ಯಾಡವಾ" ಎಂದದ್ದು ಎಲ್ಲರಿಗೂ ಕೇಳಿಸಿತು. ಪನ್ನೀರು ಚಿಮುಕಿಸುತ್ತಿದ್ದವರು ನಿಲ್ಲಿಸಿದರು. ಎತ್ತಿದ ಬೆರಳು ಎತ್ತಿದ ಹಾಗೇ ಇತ್ತು.

ಆಮೇಲೆ ಭರಣಿ ಅವ್ವನ ಕೈಯಲ್ಲಿತ್ತು.

ಹೇಗೆ ಬಂತು? ಅವ್ವ ಸಾಯುವವರೆಗೂ ಹೇಳುತ್ತಿದ್ದಳು: "ಅಕೀನ ಕೊಟ್ಲು. ಹಂಗಾದ್ರ ನೀವು ನನಗ ಹಚ್ರಿ ಅಂದ್ಲು. ನನಗೆಲ್ಲಿ ಬರಬೇಕು ಅಷ್ಟು ಧೈರ್ಯ." ವೈನಿಯನ್ನು ಕೇಳಿದರೆ, "ಸುಳ್ಳ. ನಾ ಬೆರಳ ಇಳಿಸಾಕತ್ತಿದ್ದೆ. ಅವ್ವಾರ ನನ್ನ ಕೈಯಾಗಿಂದ ಕಸಗೊಂಡ್ರು" ಎನ್ನುತ್ತಿದ್ದರು. ಗಂಡ ನಿವೃತ್ತರಾಗಿ ಅವರು ಬಾಗಲಕೋಟೆಗೆ ಹೋದ ಮೇಲೂ ಫೋನಿನಲ್ಲಿ ಇಬ್ಬರೂ ಇದೇ ಜಗಳ. ಈಗ ಇಬ್ಬರೂ ಇಲ್ಲ. ಆ ಕ್ಷಣದ ಒಡೆತನವನ್ನು ಇಬ್ಬರೂ ಒಬ್ಬರ ಮೇಲೊಬ್ಬರು ತಳ್ಳಿ ಹೋದರು, ತೀರ್ಪು ಕೊಡಲು ನನ್ನಿಂದಾಗದು. ಗಂಡ ಸತ್ತವಳು ಮುತ್ತೈದೆಗೆ ಕುಂಕುಮವಿಡುವುದೆಂದರೆ ಆ ಚಾಪೆಯ ಮೇಲೆ ಕೂತ ಯಾವ ಹೆಂಗಸೂ ಎಂದೂ ನೋಡದ ಸಂಗತಿ, ತನ್ನ ಗಂಡನ ನೆನಪಾಗಿ ಹೆದರಬೇಕಾದ ಸಂಗತಿ. ವೈನಿ ಅವ್ವನ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ಮಾತ್ರ ನಾನು ನೋಡಿದೆ. ಅವರ ಗಂಡ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದರು.

ಅವ್ವನ ಕೈ ನಡುಗಿತು. ರೂಢಿ ತಪ್ಪಿತ್ತು.

ದೊಡ್ಡವ್ವ ಬಸ್ಸಿನ ಹೊತ್ತಾಯಿತು ಎಂದು ಎದ್ದರು, ಇನ್ನಾರೋ ಅವರ ಜೊತೆ ಹೋದರು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಉಳಿದರು, ಅವ್ವ ಹೇಳುವಾಗ ಒಂದೊಂದು ಸಲ ಒಂದೊಂದು ಲೆಕ್ಕ. ಹಿಂದಿನ ವರ್ಷ ಕೈ ಉರಿದು ನಲ್ಲಿಗೆ ಓಡಿದ್ದ ಕೆಳಗಿನ ಮನೆಯ ಸೊಸೆ ಮುಂದೆ ಸರಿದು, "ಆಜಿ, ಮಲಾ ಪಣ" ಎಂದು ಹಣೆಯೊಡ್ಡಿದಳು. ನನಗೂ ಹಚ್ಚಜ್ಜಿ. ಅವ್ವ ಅವಳ ಗಲ್ಲ ಹಿಡಿದು ಹಚ್ಚಿದಳು, ಈ ಸಲ ನಡುಗದೆ.

ಎಲ್ಲ ಮುಗಿದ ಮೇಲೆ ತಟ್ಟೆಗಳನ್ನು ಒಳಗೊಯ್ಯುತ್ತಿದ್ದ ವೈನಿಗೆ ಮಗಳು ಹೇಳಿದಳು, "ಆಈ, ಕುಂಕು ವಾಕಡ ಲಾಗಲಂಯ." ಸೊಟ್ಟಗಾಗಿತ್ತು ನಿಜ. ಎರಡು ಹುಬ್ಬುಗಳ ನಡುವೆ ಬೀಳಬೇಕಾದದ್ದು ಎಡಹುಬ್ಬಿನ ಮೇಲೆ ಬಿದ್ದು, ಬೆರಳು ಅಲುಗಿದ ಕಡೆ ಒಂದು ಗೀರಾಗಿ ಎಳೆದಿತ್ತು. ವೈನಿ ಕಪಾಟಿನ ಕನ್ನಡಿಯ ಮುಂದೆ ನಿಂತು ನೋಡಿಕೊಂಡರು. ಒರೆಸಿ ಸರಿಮಾಡಲೆಂದು ಸೆರಗಿನ ತುದಿ ಕೈಗೆ ತಗೊಂಡರು. ಕನ್ನಡಿಯಲ್ಲಿ ಹಿಂದೆ ಅವ್ವ ಕಾಣುತ್ತಿದ್ದಳು, ಚಾಪೆಯ ಮೊದಲ ತುದಿಯಲ್ಲಿ ಕೂತು ಭರಣಿಯ ಮುಚ್ಚಳ ಬಿಗಿಯುತ್ತಿದ್ದಳು. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆ ಹಾಗೇ ಬಿಟ್ಟು, ಕೆಳಗೆ ಹಾಲಿನವ ಕೂಗಿದ್ದಕ್ಕೆ ಮೆಟ್ಟಿಲಿಳಿದು ಹೋದರು.